ಎರಡೂ ಬದಿ ಒಂದೇ ಆಗಿ ಕಾಣುವ ಕಸೂತಿ: ಅಜ್ಜಿಯ ಸೆರಗಿನಿಂದ ಬಟ್ಟೆಗೆ, ಕಾಗದಕ್ಕೆ

ಪ್ರಶ್ನೆ: ಅಜ್ಜಿಯ ಇಳಕಲ್ ಸೀರೆಯ ಸೆರಗಿನಲ್ಲಿ ಕಸೂತಿಯ ಗೋಪುರ, ತುಳಸಿಕಟ್ಟೆ, ಅಂಬಾರಿ ಆನೆ ಇವೆ. ಅವನ್ನು ಹತ್ತಿ ಬಟ್ಟೆಯ ಮೇಲೂ, ಬುಕ್‌ಮಾರ್ಕ್ ಆಗುವ ಹಾಗೆ ದಪ್ಪ ಕಾಗದದ ಮೇಲೂ ಹಾಕಬೇಕೆಂದಿದ್ದೇನೆ. ಗವಂತಿ (ಹೋಗಿ ಬಂದು ಗೆರೆ ತುಂಬುವ ಕಸೂತಿ ಹೊಲಿಗೆ) ಹಾಕುತ್ತ ಹೋದರೆ ಎದುರು ಬದಿಯಲ್ಲಿ ಅಲ್ಲಲ್ಲಿ ಗೆರೆ ಬಿಟ್ಟುಹೋಗುತ್ತದೆ, ಹಿಂಬದಿಯಲ್ಲಿ ಅದೇ ಜಾಗಕ್ಕೆ ದಾರ ಎರಡು ಸಲ ಕೂತಿರುತ್ತದೆ. ಗೋಪುರ ಸೀರೆಯಲ್ಲಿ ಇರುವುದಕ್ಕಿಂತ ಉದ್ದವಾಗಿ ಬರುತ್ತದೆ. ಕಾಗದವಂತೂ ಹರಿದೇ ಹೋಗುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಮೂರೂ ಬೇರೆ ಬೇರೆ ತೊಂದರೆಗಳು. ಮೊದಲನೆಯದು ದೊಡ್ಡದು, ಅದನ್ನೇ ಮೊದಲು ನೋಡೋಣ. ಗೆರೆ ಬಿಟ್ಟುಹೋಗುವುದು ಕೈಯ ತಪ್ಪಲ್ಲ, ದಾರಿಯ ತಪ್ಪು. ಸೂಜಿ ಎಲ್ಲಿಂದ ಹೊರಟು, ಎಲ್ಲಿ ತಿರುಗಿ, ಹೇಗೆ ಮರಳಿ ಬರಬೇಕು ಎಂಬುದನ್ನು ಬಟ್ಟೆ ಮುಟ್ಟುವ ಮೊದಲೇ ಗ್ರಾಫ್ ಹಾಳೆಯ ಮೇಲೆ ತೀರ್ಮಾನಿಸಿಕೊಂಡರೆ ಗವಂತಿ ಎಂದೂ ಕೈಕೊಡುವುದಿಲ್ಲ. ಧಾರವಾಡ, ಹುಬ್ಬಳ್ಳಿ ಕಡೆಯ ಹೆಣ್ಣುಮಕ್ಕಳು ಬಟ್ಟೆಯ ಮೇಲೆ ಏನನ್ನೂ ಬರೆದುಕೊಳ್ಳದೆ ಬರೀ ಎಳೆ ಎಣಿಸಿ ತೇರು, ಆನೆ ತೆಗೆಯುತ್ತಿದ್ದುದು ಈ ದಾರಿ ಅವರಿಗೆ ಬಾಯಿಪಾಠ ಆಗಿದ್ದರಿಂದ. ಹೊಸದಾಗಿ ಕಲಿಯುವವರು ಅದನ್ನು ಬರೆದುಕೊಳ್ಳಲೇಬೇಕು.

ಮನೆ ಎಂದರೆ ಒಂದು ಹೊಲಿಗೆಯ ಉದ್ದ, ಗ್ರಾಫ್‌ನ ಒಂದು ಚೌಕದ ಬದಿಯಷ್ಟು. ಗವಂತಿಯಲ್ಲಿ ದಾರ ಒಂದು ಮನೆ ಮೇಲೆ (ಎದುರು ಬದಿಯಲ್ಲಿ), ಒಂದು ಮನೆ ಕೆಳಗೆ (ಹಿಂಬದಿಯಲ್ಲಿ) ಹೀಗೆ ಹೋಗುತ್ತದೆ. ಮರಳಿ ಬರುವಾಗ ಖಾಲಿ ಉಳಿದ ಮನೆಗಳನ್ನು ತುಂಬುತ್ತದೆ. ಅಂದರೆ ಚಿತ್ರದ ಪ್ರತಿ ಮನೆಯ ಮೇಲೂ ದಾರ ಎರಡೇ ಸಲ ಹಾಯಬೇಕು: ಒಮ್ಮೆ ಎದುರಿನಲ್ಲಿ, ಒಮ್ಮೆ ಹಿಂದೆ. ನೇರ ಗೆರೆಯಲ್ಲಿ ಇದು ಸುಲಭ. ಕವಲು ಬಂದಾಗ, ಚೌಕ ಬಂದಾಗ ದಾರಿ ತಪ್ಪುತ್ತದೆ. ನಿಯಮ ಒಂದೇ: ಕವಲು ಸಿಕ್ಕ ಕೂಡಲೇ ಅದರೊಳಕ್ಕೆ ಹೋಗಿ, ತುದಿ ಮುಟ್ಟಿ, ಹೋದ ದಾರಿಯಲ್ಲೇ ಹಿಂದಕ್ಕೆ ಬಂದು, ಆಮೇಲೆ ಮುಖ್ಯ ಗೆರೆ ಮುಂದುವರಿಸಿ. ಕವಲನ್ನು ಹೀಗೆ ಹೋಗಿ ಬಂದು ಮುಗಿಸಿದರೆ ಹೊಲಿಗೆಗಳ ಲೆಕ್ಕ ಯಾವಾಗಲೂ ಸಮಸಂಖ್ಯೆ. ಹಾಗಾಗಿ ಮುಖ್ಯ ಗೆರೆಯ ಮೇಲೆ–ಕೆಳಗೆ ಸರದಿ ಕೆಡುವುದಿಲ್ಲ.

ಒಂದು ಚಿಕ್ಕ ಚಿತ್ರವನ್ನು ಪೂರ್ತಿ ಹೊಲಿದು ನೋಡಿ. ಅಡ್ಡಗೆರೆ 6 ಮನೆ. ಮೂರನೆಯ ಮನೆ ಮುಗಿಯುವಲ್ಲಿ ಮೇಲಕ್ಕೆ 2 ಮನೆ ಉದ್ದದ ಕಡ್ಡಿ. ಕಡ್ಡಿಯ ತುದಿಯಲ್ಲಿ ನಾಲ್ಕು ಬದಿಯ ಒಂದು ಚೌಕ. ತುಳಸಿಕಟ್ಟೆಯ ಮೇಲಿನ ಗಿಡದ ಬೀಜರೂಪ ಇದು. ಒಟ್ಟು 12 ಮನೆ, 24 ಹೊಲಿಗೆ.

1ರಿಂದ 3: ಅಡ್ಡಗೆರೆಯ ಮೊದಲ ಮೂರು ಮನೆ (ಮೇಲೆ, ಕೆಳಗೆ, ಮೇಲೆ).
4, 5: ಕಡ್ಡಿಯ ಎರಡು ಮನೆ (ಕೆಳಗೆ, ಮೇಲೆ).
6ರಿಂದ 9: ಚೌಕದ ನಾಲ್ಕು ಬದಿ ಸುತ್ತಿ ಮತ್ತೆ ಕಡ್ಡಿಯ ತುದಿಗೆ (ಕೆಳಗೆ, ಮೇಲೆ, ಕೆಳಗೆ, ಮೇಲೆ).
10ರಿಂದ 13: ಅದೇ ಚೌಕವನ್ನು ಉಲ್ಟಾ ದಿಕ್ಕಿನಲ್ಲಿ, ಈಗ ತಾನೇ ಮುಗಿಸಿದ ಬದಿಯಿಂದ ಶುರುಮಾಡಿ (ಕೆಳಗೆ, ಮೇಲೆ, ಕೆಳಗೆ, ಮೇಲೆ).
14, 15: ಕಡ್ಡಿ ಇಳಿದು ಅಡ್ಡಗೆರೆಗೆ (ಕೆಳಗೆ, ಮೇಲೆ).
16ರಿಂದ 18: ಅಡ್ಡಗೆರೆಯ ಉಳಿದ ಮೂರು ಮನೆ (ಕೆಳಗೆ, ಮೇಲೆ, ಕೆಳಗೆ).
19ರಿಂದ 24: ಅಡ್ಡಗೆರೆಯ ಆರೂ ಮನೆ ಹಿಂದಕ್ಕೆ, ಹೊರಟ ಜಾಗಕ್ಕೆ.

ನಿಮ್ಮ ತಪ್ಪು 10ನೆಯ ಹೊಲಿಗೆಯಲ್ಲಿದೆ. ಚೌಕವನ್ನು ಎರಡನೆಯ ಸಲವೂ ಮೊದಲಿನ ದಿಕ್ಕಿನಲ್ಲೇ ಸುತ್ತುತ್ತಿದ್ದೀರಿ. ನಾಲ್ಕು ಬದಿ ಸಮಸಂಖ್ಯೆ ಆದ್ದರಿಂದ ಕೆಳಗೆ ಹೋದ ಬದಿ ಮತ್ತೆ ಕೆಳಗೇ ಹೋಗುತ್ತದೆ, ಮೇಲೆ ಬಂದದ್ದು ಮತ್ತೆ ಮೇಲೇ ಬರುತ್ತದೆ. ಎದುರಿನಲ್ಲಿ ಎರಡು ಬದಿ ಖಾಲಿ, ಹಿಂದೆ ಅದೇ ಎರಡು ಬದಿಗೆ ಜೋಡಿ ದಾರ. ನೀವು ಹೇಳಿದ್ದು ಅಕ್ಷರಶಃ ಇದೇ. ಅಡ್ಡ ಮತ್ತು ಉದ್ದ ಗೆರೆಗಳಿಂದಷ್ಟೇ ಆದ ಯಾವ ಮುಚ್ಚಿದ ಆಕಾರವಿರಲಿ, ಅದರ ಬದಿಗಳ ಲೆಕ್ಕ ಸಮಸಂಖ್ಯೆಯೇ ಆಗಿರುತ್ತದೆ. ಹಾಗಾಗಿ ಈ ತಪ್ಪು ಗೋಪುರದ ಪ್ರತಿ ಅಂಕಣದಲ್ಲೂ ಕಾದು ಕೂತಿರುತ್ತದೆ. ಓರೆ ಗೆರೆ ಸೇರಿದ ಮೂರು ಬದಿಯ ತ್ರಿಕೋನವನ್ನು ಒಂದೇ ದಿಕ್ಕಿನಲ್ಲಿ ಎರಡು ಸಲ ಸುತ್ತಿದರೂ ಸರಿಹೋಗುತ್ತದೆ. ಆದರೆ ಅದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಉಲ್ಟಾ ತಿರುಗುವ ದಾರಿ ಎಲ್ಲ ಆಕಾರಕ್ಕೂ ಕೆಲಸ ಮಾಡುತ್ತದೆ, ಎಣಿಸುವ ಗೋಜಿಲ್ಲ.

ಗ್ರಾಫ್ ಹಾಳೆಯಲ್ಲಿ ಕವಲುಗಳಿಗೆಲ್ಲ ಸಣ್ಣ ಸುತ್ತು ಹಾಕಿ, ಹೋಗುವ ದಾರಿಗೆ ಒಂದು ಬಣ್ಣದ ಬಾಣ, ಬರುವ ದಾರಿಗೆ ಇನ್ನೊಂದು ಬಣ್ಣದ ಬಾಣ ಬರೆದುಕೊಳ್ಳಿ. ಬಣ್ಣ ಬದಲಾಗುವ ಕಡೆ ನೆನಪಿಡಬೇಕಾದದ್ದು: ಪ್ರತಿ ಬಣ್ಣಕ್ಕೂ ಅದರದೇ ತುಂಡಾಗದ ದಾರಿ ಬೇಕು. ಆನೆಯ ಕಣ್ಣಿನ ಹಾಗೆ ಯಾವುದಕ್ಕೂ ಅಂಟದ ಚಿಕ್ಕ ಭಾಗಕ್ಕೆ ಹಿಂಬದಿಯಲ್ಲಿ ದಾರ ಹಾರಿಸಿದರೆ ಎರಡು ಬದಿಯ ಸೊಗಸು ಅಲ್ಲಿಗೆ ಮುಗಿಯಿತು. ಒಂದು ಮನೆ ಉದ್ದದ ಕೊಂಡಿ ಗೆರೆ ಸೇರಿಸಿ, ಇಲ್ಲವೇ ಬೇರೆ ದಾರದಲ್ಲಿ ಹಾಕಿ.

ಗಂಟು ಹಾಕುವಂತಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಶುರು ಮಾಡಲು ಒಳ್ಳೆಯ ಉಪಾಯವೆಂದರೆ ದಾರದ ನಟ್ಟನಡುವಿನಿಂದ ಹೊರಡುವುದು. 90–100 ಸೆಂ.ಮೀ. ದಾರ ತೆಗೆದುಕೊಂಡು ಅರ್ಧವನ್ನು ಹಿಂಬದಿಯಲ್ಲಿ ಬಿಟ್ಟು, ಇನ್ನರ್ಧದಲ್ಲಿ ಚಿತ್ರದ ಒಂದು ಭಾಗ ಹೋಗಿ ಬಂದು ಮುಗಿಸಿ. ಆಮೇಲೆ ಬಿಟ್ಟ ತುದಿಗೆ ಸೂಜಿ ಪೋಣಿಸಿ ಮತ್ತೊಂದು ಭಾಗ ಹೊಲಿಯಿರಿ. ಶುರುವಿನ ತುದಿಯೇ ಇರುವುದಿಲ್ಲ. ಕೊನೆಯ ತುದಿಯನ್ನು ಹಿಂಬದಿಯ ಐದಾರು ಹೊಲಿಗೆಗೆ ಸುತ್ತಿ ಕತ್ತರಿಸಿ. ಎರಡೂ ಬದಿ ಕಾಣುವ ಕೆಲಸವಾದರೆ ಗೆರೆಗಳು ಹೆಚ್ಚು ಕೂಡುವ ಜಾಗದಲ್ಲಿ, ಗೋಪುರದ ಬುಡದಲ್ಲಿ ಅಥವಾ ಕಟ್ಟೆಯ ಮೂಲೆಯಲ್ಲಿ ಮುಗಿಸಿದರೆ ಕಣ್ಣಿಗೆ ಬೀಳದು.

ದಾರದ ಲೆಕ್ಕ ಹೀಗೆ. ಇಂಚಿಗೆ 14 ಮನೆಯ ಬಟ್ಟೆಯಲ್ಲಿ ಒಂದು ಮನೆ 1.8 ಮಿ.ಮೀ. ಎರಡು ಸಲ ಹಾಯುವುದರಿಂದ 3.6, ಬಟ್ಟೆಯ ದಪ್ಪಕ್ಕೆ ಐದನೇ ಒಂದು ಪಾಲು ಸೇರಿಸಿದರೆ 4.3 ಮಿ.ಮೀ. ಆದ್ದರಿಂದ 50 ಸೆಂ.ಮೀ. ದಾರದಲ್ಲಿ ಎರಡೂ ತುದಿಗೆ 8 ಸೆಂ.ಮೀ. ಕಳೆದರೆ ಸುಮಾರು 95 ಮನೆ ಹೊಲಿಯಬಹುದು. ಓರೆ ಗೆರೆಗೆ ಇದರ ಒಂದೂವರೆ ಪಟ್ಟು ಹಿಡಿಯಿರಿ. ದಾರಿ ಬರೆಯುವಾಗಲೇ 95 ಮನೆಯ ತುಂಡುಗಳಾಗಿ ಒಡೆದುಕೊಂಡರೆ ಅರ್ಧ ದಾರಿಯಲ್ಲಿ, ಹೋದದ್ದಾಗಿ ಬಂದದ್ದಾಗದೆ, ದಾರ ಮುಗಿಯುವ ಕಷ್ಟ ಇರದು.

ಇನ್ನೊಂದು ಮಾತು ಗೆರೆ ನೆಟ್ಟಗಿರುವುದರ ಬಗ್ಗೆ. ಮರಳಿ ಬರುವಾಗ ಸೂಜಿ ಹಳೆಯ ದಾರವನ್ನು ಸೀಳಿದರೆ, ಅಥವಾ ಒಮ್ಮೆ ಅದರ ಮೇಲ್ಗಡೆಯಿಂದ, ಒಮ್ಮೆ ಕೆಳಗಡೆಯಿಂದ ಬಂದರೆ ಗೆರೆ ಸೊಟ್ಟಸೊಟ್ಟ ಆಗುತ್ತದೆ. ಪ್ರತಿ ಸಲವೂ ಹಳೆಯ ಹೊಲಿಗೆಯ ಮೇಲ್ಗಡೆ ಸೂಜಿ ಎತ್ತಿ, ಕೆಳಗಡೆ ಇಳಿಸಿ. ತೂತು ಒಂದೇ, ದಾರ ಕೂರುವ ಬದಿ ಮಾತ್ರ ಖಚಿತವಾಗುತ್ತದೆ. ಮೊಂಡು ತುದಿಯ ಟ್ಯಾಪೆಸ್ಟ್ರಿ ಸೂಜಿಯೇ ಬೇಕು. ಇಂಚಿಗೆ 14 ಮನೆಯ ಬಟ್ಟೆಗೆ 24ನೇ ನಂಬರ್, ಇನ್ನೂ ಸಣ್ಣ ಎಣಿಕೆಗೆ 26. ಆರೆಳೆಯ ಹತ್ತಿ ದಾರದಲ್ಲಿ 2 ಎಳೆ ಸಾಕು, ಸಣ್ಣ ಬಟ್ಟೆಗೆ 1. ಎರಡೆಳೆಯನ್ನು ಒಟ್ಟಿಗೆ ಎಳೆಯದೆ ಒಂದೊಂದಾಗಿ ಬಿಡಿಸಿ ಮತ್ತೆ ಜೋಡಿಸಿದರೆ ಸುರುಳಿ ಬಿಟ್ಟು ಚಪ್ಪಟೆಯಾಗಿ ಕೂರುತ್ತದೆ.

ಸೀರೆಯಲ್ಲಿರುವುದೆಲ್ಲ ಗವಂತಿ ಎಂದುಕೊಂಡು ಹೊರಡಬೇಡಿ. ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಮತ್ತು ಮೆಟ್ಟಿಲು ಮೆಟ್ಟಿಲಾಗಿ ಏರುವ ಮುರ್ಗಿ ಮಾತ್ರ ಎರಡು ಬದಿ ಒಂದೇ. ನೇಗಿ ಎಂದರೆ ನೇಯ್ಗೆಯಂತೆ ಕಾಣಲು ಸಾಲು ಸಾಲಾಗಿ ಉದ್ದ ಹೊಲಿಗೆ ಹಾಯಿಸುವುದು. ಎದುರಲ್ಲಿ ದಾರವಿದ್ದಲ್ಲಿ ಹಿಂದೆ ಖಾಲಿ, ಹಿಂದೆ ಇದ್ದಲ್ಲಿ ಎದುರು ಖಾಲಿ. ಮೆಂತಿ ಎಂದರೆ ಕತ್ತರಿ ಹೊಲಿಗೆ. ಅದರ ಹಿಂಬದಿ ಬರೀ ಕಡ್ಡಿಗಳ ಸಾಲು. ತುಳಸಿಕಟ್ಟೆಯ ಮೈ, ಆನೆಯ ಜೂಲು ಇಂಥ ತುಂಬು ಭಾಗಗಳು ಮೆಂತಿಯಲ್ಲೋ ನೇಗಿಯಲ್ಲೋ ಇರುವ ಸಾಧ್ಯತೆ ಹೆಚ್ಚು. ಸೆರಗನ್ನು ತಿರುಗಿಸಿ ನೋಡಿದರೆ ತಕ್ಷಣ ತಿಳಿಯುತ್ತದೆ. ಅಲ್ಲಿ ನಿಮ್ಮ ಹಿಂಬದಿ ಬೇರೆ ಕಂಡರೆ ಅದು ತಪ್ಪಲ್ಲ, ಅಜ್ಜಿಯದೂ ಹಾಗೇ ಇರುತ್ತದೆ. ನೇಗಿಯಲ್ಲಿ ಸಾಲು ತಿರುಗುವ ಕಡೆ ದಾರ ಸ್ವಲ್ಪ ಸಡಿಲ ಬಿಡಿ, ಇಲ್ಲದಿದ್ದರೆ ಬಟ್ಟೆ ಮುದುಡುತ್ತದೆ. ಕಾಲು ಇಂಚಿಗಿಂತ ಉದ್ದದ ಹೊಲಿಗೆ ಬಳೆಗೆ, ಉಂಗುರಕ್ಕೆ ಸಿಕ್ಕಿ ಹಿಂಜಿಕೊಳ್ಳುತ್ತದೆ.

ಈಗ ಉದ್ದವಾದ ಗೋಪುರ. ಇದು ಬಟ್ಟೆಯ ಹಾಸು (ಉದ್ದಕ್ಕೆ ಹೋಗುವ ಎಳೆ), ಹೊಕ್ಕಿನ (ಅಡ್ಡಕ್ಕೆ ಹೋಗುವ ಎಳೆ) ಲೆಕ್ಕ. ಸಾಮಾನ್ಯ ಹತ್ತಿ ಬಟ್ಟೆಯಲ್ಲಿ ಇಂಚಿಗೆ ಹಾಸಿನ ಎಳೆ ಎಷ್ಟಿರುತ್ತವೆಯೋ ಹೊಕ್ಕಿನ ಎಳೆ ಅಷ್ಟೇ ಇರುವುದಿಲ್ಲ. ಹಾಸಿನ ಎಳೆ 56, ಹೊಕ್ಕಿನ ಎಳೆ 48 ಇದೆ ಎಂದುಕೊಳ್ಳಿ. ನಾಲ್ಕು ಎಳೆಗೆ ಒಂದು ಮನೆ ಹಿಡಿದರೆ ಅಗಲದಲ್ಲಿ ಇಂಚಿಗೆ 14 ಮನೆ, ಎತ್ತರದಲ್ಲಿ 12. ಗ್ರಾಫ್‌ನಲ್ಲಿ 42 ಮನೆ ಅಗಲ, 42 ಮನೆ ಎತ್ತರ ಇರುವ ಗೋಪುರ ಬಟ್ಟೆಯ ಮೇಲೆ 3 ಇಂಚು ಅಗಲ, 3.5 ಇಂಚು ಎತ್ತರ ಆಗುತ್ತದೆ. ಹೊಲಿಗೆಯನ್ನು ಎಷ್ಟು ನಾಜೂಕಾಗಿ ಹಾಕಿದರೂ ಇದು ತಪ್ಪದು.

ಆದ್ದರಿಂದ ಅಂಗಡಿಯಲ್ಲೇ ಬಟ್ಟೆಯ ಮೇಲೆ ಸ್ಕೇಲ್ ಇಟ್ಟು, ಭೂತಗನ್ನಡಿಯಲ್ಲಿ ಎರಡೂ ದಿಕ್ಕಿಗೆ ಒಂದೊಂದು ಇಂಚು ಎಣಿಸಿ. ಕಲಿಯಲು 14 ಎಣಿಕೆಯ ಐಡಾ ಬಟ್ಟೆ ಸುಲಭ, ಮನೆಗಳು ತಾವಾಗೇ ಕಾಣುತ್ತವೆ. ಮ್ಯಾಟಿ (ಚಾಪೆಯಂತೆ ಜೋಡಿ ಎಳೆಯಲ್ಲಿ ನೇಯ್ದ ಹತ್ತಿ) ಬಟ್ಟೆ ಅಗ್ಗ. ಆದರೆ ತಾನಿನಿಂದ ತಾನಿಗೆ ಎಣಿಕೆ ಬದಲಾಗುತ್ತದೆ. ಹಳೆಯ ಕೆಲಸದ ಸೊಗಸಿಗೆ ಹತ್ತಿರ ಬರುವುದು ಇಂಚಿಗೆ 28 ಎಳೆಯ ಸಮ ನೇಯ್ಗೆಯ ಲಿನನ್, ಎರಡೆಳೆಗೆ ಒಂದು ಮನೆ. ನನ್ನ ಆಯ್ಕೆ ಅದೇ: ಐಡಾದಲ್ಲಿ ಬಟ್ಟೆಯ ಚೌಕಗಳು ಹೊಲಿಗೆಗಿಂತ ಎದ್ದು ಕಾಣುತ್ತವೆ, ಗವಂತಿಯ ಸಣ್ಣ ಗೆರೆ ಅಲ್ಲಿ ಮಂಕಾಗುತ್ತದೆ.

ಎಳೆ ಎಣಿಸಲಾಗದ ರೇಷ್ಮೆ, ಸಣ್ಣ ಹತ್ತಿಯ ಮೇಲೆ ಹಾಕಲು ಗಂಜಿಯಿಂದ ಗಟ್ಟಿ ಮಾಡಿದ ಬಿಡಿಸುವ ಕ್ಯಾನ್ವಾಸ್ ಸಿಗುತ್ತದೆ. ಅದನ್ನು ಬಟ್ಟೆಯ ಮೇಲೆ ದೊಡ್ಡ ಟಾಕಾ ಹಾಕಿ ಕೂರಿಸಿ, ಅದರ ತೂತುಗಳ ಲೆಕ್ಕದಲ್ಲಿ ಹೊಲಿದು, ಆಮೇಲೆ ಒದ್ದೆ ಮಾಡಿ ಚಿಮಟದಿಂದ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ಇಲ್ಲಿ ಮಾತ್ರ ಮೊನೆಯಿರುವ ಸೂಜಿ ಬೇಕು, ಏಕೆಂದರೆ ಕೆಳಗಿನ ಬಟ್ಟೆಯನ್ನು ಚುಚ್ಚಬೇಕಲ್ಲ. ಕ್ಯಾನ್ವಾಸ್‌ನ ಎಳೆಗೆ ಸೂಜಿ ಚುಚ್ಚಿದರೆ ಅದು ಹೊರಬರದು. ಹೊಲಿಗೆಯನ್ನು ಮಾಮೂಲಿಗಿಂತ ತುಸು ಬಿಗಿ ಹಿಡಿಯಿರಿ. ಕ್ಯಾನ್ವಾಸ್ ಹೋದ ಮೇಲೆ ಅದರ ದಪ್ಪದಷ್ಟು ದಾರ ಸಡಿಲವಾಗುತ್ತದೆ. ರೇಷ್ಮೆ ನೀರು ಕಂಡರೆ ಬಣ್ಣ ಬಿಡುವುದೇ ಎಂದು ಮೂಲೆಯಲ್ಲಿ ಮೊದಲು ನೋಡಿಕೊಳ್ಳಿ.

ಸೀರೆಯಿಂದ ಚಿತ್ರ ತೆಗೆಯುವ ಕೆಲಸವನ್ನು ಅವಸರದಲ್ಲಿ ಮಾಡಬೇಡಿ. ಹಳೆಯ ರೇಷ್ಮೆಯ ಸೆರಗು ಮಡಿಕೆ ಬಿದ್ದ ಗೆರೆಯಲ್ಲೇ ಮೊದಲು ಸೀಳುತ್ತದೆ. ತೂಗುಹಾಕಬೇಡಿ, ಗುಂಡುಪಿನ್ನು ಚುಚ್ಚಬೇಡಿ, ಮೇಲೆ ಪಾರದರ್ಶಕ ಹಾಳೆ ಇಟ್ಟು ಒತ್ತಿ ಬರೆಯಬೇಡಿ. ಸಮನಾದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಸೆರಗನ್ನು ಹರಡಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ನೇರ ಮೇಲಿನಿಂದ ಎದುರು ಬದಿ, ಹಿಂಬದಿ ಎರಡರ ಫೋಟೋ ತೆಗೆಯಿರಿ. ಓರೆಯಾಗಿ ತೆಗೆದ ಫೋಟೋದಿಂದಲೂ ಚಿತ್ರ ಉದ್ದವಾಗುತ್ತದೆ. ಎಣಿಸುವಾಗ ಹೊಲಿಗೆ ಎಷ್ಟು ಉದ್ದವಿದೆ ಎಂದು ನೋಡದೆ ಸೂಜಿಯ ತೂತುಗಳನ್ನು ಎಣಿಸಿ.

ಗ್ರಾಫ್‌ಗೆ ಇಳಿಸುವಾಗ ಕ್ರಾಸ್ ಸ್ಟಿಚ್ ಬಲ್ಲವರು ಎಡವುವ ಜಾಗ ಒಂದಿದೆ. ಅವರಿಗೆ ಚೌಕದ ಒಳಗೆ ಬಣ್ಣ ತುಂಬಿ ರೂಢಿ. ಗವಂತಿ, ಮುರ್ಗಿಗಳನ್ನು ಚೌಕದ ಒಳಗಲ್ಲ, ಗ್ರಾಫ್‌ನ ಗೆರೆಗಳ ಮೇಲೇ ಬರೆಯಬೇಕು. ಮೆಂತಿ ಮಾತ್ರ ಚೌಕದೊಳಗೆ. ಗೋಪುರದ ನಡುಗೆರೆಯನ್ನು ಮೊದಲು ಹುಡುಕಿ. ಕಳಸ ಒಂದು ಗೆರೆಯ ಮೇಲೆ ನಿಂತಿದ್ದರೆ ಒಟ್ಟು ಅಗಲ ಸಮಸಂಖ್ಯೆಯ ಮನೆ, ಒಂದು ಚೌಕದ ಮೇಲೆ ಕೂತಿದ್ದರೆ ಬೆಸಸಂಖ್ಯೆ. ಎಡ ಅರ್ಧ ಬಲ ಅರ್ಧಕ್ಕೆ ಹೊಂದದಿದ್ದರೆ ಸೆರಗಿನಲ್ಲಿ ಅದೇ ಗೋಪುರ ಮತ್ತೊಂದು ಕಡೆ ಇದೆಯೇ ನೋಡಿ, ಅದಕ್ಕೆ ಯಾವ ಅರ್ಧ ಹೊಂದುತ್ತದೋ ಅದನ್ನು ಹಿಡಿಯಿರಿ.

ಬಣ್ಣದ ಬಗ್ಗೆ ಸಂಕ್ಷೇಪವಾಗಿ: ಕೆಂಪು, ನೇರಳೆ ದಾರಗಳನ್ನು ಒದ್ದೆ ಬಿಳಿ ಬಟ್ಟೆಯ ನಡುವೆ ಹತ್ತು ನಿಮಿಷ ಒತ್ತಿಟ್ಟು, ಬಣ್ಣ ಬಿಡದಿದ್ದರೆ ಮಾತ್ರ ಬಳಸಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ಇಂದಿನ ದಾರಗಳ ಮಟ್ಟಿಗೆ ಕೆಲಸಕ್ಕೆ ಬಾರದು. ಮುಗಿದ ಕೆಲಸವನ್ನು ತಣ್ಣೀರಿನಲ್ಲಿ ಅಂಟುವಾಳದ ನೊರೆಯಿಂದ ತೊಳೆದು, ಹಿಂಡದೆ ಟವೆಲಿನಲ್ಲಿ ಸುತ್ತಿ ನೀರು ತೆಗೆದು, ದಪ್ಪ ಟವೆಲಿನ ಮೇಲೆ ಕಸೂತಿ ಕೆಳಮುಖವಾಗಿಟ್ಟು ಇಸ್ತ್ರಿ ಮಾಡಿ.

ಕೊನೆಗೆ ಕಾಗದ. ಸಾಲು ತೂತಿನ ಕಾಗದದ ಮೇಲೆ ಸೂಜಿ ಕೆಲಸ ಮಾಡುವುದು 19ನೇ ಶತಮಾನದ ಇಂಗ್ಲೆಂಡ್, ಅಮೆರಿಕಗಳಲ್ಲಿ ಬಹಳ ಜನಪ್ರಿಯವಾಗಿತ್ತು. ಬೈಬಲ್ ಒಳಗಿಡುವ ಬುಕ್‌ಮಾರ್ಕುಗಳನ್ನು ಹೀಗೆ ಹೊಲಿದು, ಹಿಂಬದಿಯ ಗೋಜಲು ಮುಚ್ಚಲು ರೇಷ್ಮೆ ರಿಬ್ಬನ್ನಿಗೆ ಜೋಡಿಸುತ್ತಿದ್ದರು. ಗವಂತಿ ಹಾಕಿದರೆ ಮುಚ್ಚುವ ಅಗತ್ಯವೇ ಬೀಳದು, ಪುಸ್ತಕದ ಎರಡೂ ಪುಟದ ಕಡೆಯಿಂದ ಒಂದೇ ಗೋಪುರ ಕಾಣುತ್ತದೆ. ಹಾಗಾಗಿ ಈ ಕಾಗದಕ್ಕೆ ಕಸೂತಿಯಷ್ಟು ಒಪ್ಪುವ ಹೊಲಿಗೆ ಬೇರೆ ಇಲ್ಲ ಎಂದೇ ನನ್ನ ಅಭಿಪ್ರಾಯ.

ಈಗಲೂ ಇಂಚಿಗೆ 14 ತೂತಿನ ಕಾಗದ ಮಾರಾಟಕ್ಕೆ ಸಿಗುತ್ತದೆ. 2 ಇಂಚು ಅಗಲ, 7 ಇಂಚು ಉದ್ದದ ತುಂಡಿನಲ್ಲಿ ಅಗಲಕ್ಕೆ 28, ಉದ್ದಕ್ಕೆ 98 ತೂತು. ಅಂಚಿನಲ್ಲಿ ಎರಡೆರಡು ತೂತು ಬಿಟ್ಟರೆ 24 ತೂತು, ಅಂದರೆ 23 ಮನೆ. ನಡುಗೆರೆಯ ಮೇಲೆ ಕಳಸ ನಿಂತ ಗೋಪುರಕ್ಕೆ ಸಮಸಂಖ್ಯೆ ಬೇಕಾದ್ದರಿಂದ 22 ಮನೆಗೆ ಹೊಂದಿಸಿ, ಒಂದು ಸಾಲು ತೂತು ಕತ್ತರಿಸಿ ಬಿಡಿ. ಆಗ ಗೋಪುರ ನಟ್ಟನಡುವೆ ಬರುತ್ತದೆ.

ಮನೆಯಲ್ಲೇ ಮಾಡಿಕೊಳ್ಳುವುದಾದರೆ ಹತ್ತಿಯ ಕೈಕಾಗದ ಅಥವಾ 200–250 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕದ) ಕಾರ್ಡ್ ತೆಗೆದುಕೊಳ್ಳಿ. ಹತ್ತಿಯ ಕಾಗದದ ನಾರು ಉದ್ದ, ಸುಲಭಕ್ಕೆ ಹರಿಯದು. ಮೇಲೆ ಮಿಲಿಮೀಟರ್ ಗ್ರಾಫ್ ಹಾಳೆಯನ್ನು ಕ್ಲಿಪ್ಪಿನಿಂದ ಕೂರಿಸಿ, ಕೆಳಗೆ ಥರ್ಮೋಕೋಲ್ ಇಟ್ಟು, 2 ಮಿ.ಮೀ.ಗೊಂದು ತೂತು ಚುಚ್ಚಿ. ಇಡೀ ಹಾಳೆಗೆ ಚುಚ್ಚಬೇಡಿ. ಚಿತ್ರಕ್ಕೆ ಬೇಕಾದ ತೂತುಗಳಷ್ಟೇ ಸಾಕು, ಕಾಗದದ ಬಲ ಉಳಿಯುತ್ತದೆ. ತೂತು ಹೊಲಿಯುವ ಸೂಜಿಯ ದಪ್ಪದ್ದೇ ಇರಲಿ, ಅದಕ್ಕಿಂತ ದೊಡ್ಡದು ಬೇಡ. ಚುಚ್ಚಿದಾಗ ಹಿಂಬದಿಯಲ್ಲಿ ಏಳುವ ಉಬ್ಬನ್ನು ಚಮಚದ ಬೆನ್ನಿನಿಂದ ಮೆಲ್ಲಗೆ ತೀಡಿ ಸಮ ಮಾಡಿ.

ಕಾಗದ ಹರಿಯುವುದಕ್ಕೆ ಕಾರಣ ನಿಮ್ಮ ಕೈಗೆ ಬಟ್ಟೆಯ ಅಭ್ಯಾಸ ಇರುವುದು. ಬಟ್ಟೆಯಲ್ಲಿ ಸೂಜಿಯನ್ನು ಓರೆ ಹಿಡಿದು ಎರಡು ಮೂರು ಮನೆ ಒಟ್ಟಿಗೆ ತೆಗೆಯಬಹುದು. ಕಾಗದ ಬಾಗುವುದಿಲ್ಲ, ಎರಡು ತೂತುಗಳ ನಡುವಿನ ಸಣ್ಣ ಸೇತುವೆ ಸೀಳುತ್ತದೆ. ಸೂಜಿಯನ್ನು ನೆಟ್ಟಗೆ ಇಳಿಸಿ, ಪೂರ್ತಿ ಎಳೆದು, ಮತ್ತೆ ನೆಟ್ಟಗೆ ಎತ್ತಿ. ದಾರವನ್ನು ಹಾಳೆಗೆ ಸಮನಾಂತರವಾಗಿ ಎಳೆಯದೆ ಲಂಬವಾಗಿ ಎಳೆಯಿರಿ. ಬಟ್ಟೆ ಬಿಗಿಯುವ ಕಸೂತಿ ರಿಂಗ್ ಹಾಕಲೇಬಾರದು. ಮುರ್ಗಿಯ ಮೆಟ್ಟಿಲಿನಲ್ಲಿ ಪ್ರತಿ ಮೂಲೆಯೂ ಎರಡು ದಿಕ್ಕಿನಿಂದ ಎಳೆತ ತಿನ್ನುತ್ತದೆ, ಅಲ್ಲಿ ಇನ್ನೂ ಹಗುರ ಕೈ ಬೇಕು. ನಾಲ್ಕು ಗೆರೆ ಕೂಡುವ ತೂತಿನಲ್ಲಿ ದಾರ ಎಂಟು ಸಲದವರೆಗೂ ಹಾಯುತ್ತದೆ. ಅಂಥ ಜಾಗ ಹೆಚ್ಚಿದ್ದರೆ 2 ಎಳೆಯ ಬದಲು 1 ಎಳೆ ಬಳಸಿ. ಹೊಲಿಗೆ ಬಿಚ್ಚುವಾಗ ಸೂಜಿಯಿಂದ ಮೀಟಬೇಡಿ, ದಾರ ಕತ್ತರಿಸಿ ಚಿಮಟದಿಂದ ತೆಗೆಯಿರಿ. ಒಂದೆರಡು ತೂತು ಸೀಳಿಹೋದರೆ ಹಿಂಬದಿಗೆ ಸೆಲ್ಲೋಟೇಪ್ ಹಚ್ಚುವ ಆಸೆ ಬರುತ್ತದೆ. ಅದು ಹಳದಿಯಾಗಿ ಅಂಟು ಒಸರುತ್ತದೆ. ತೆಳು ಕೈಕಾಗದದ ಅಕ್ಕಿಕಾಳಿನಷ್ಟು ತುಂಡನ್ನು ಮೈದಾ ಅಂಟಿನಲ್ಲಿ ಅಂಟಿಸಿ, ಪೂರ್ತಿ ಒಣಗಿದ ಮೇಲೆ ಮತ್ತೆ ಚುಚ್ಚಿ.

ಮೆಂತಿ ತುಂಬಿದ ತುಳಸಿಕಟ್ಟೆಯನ್ನು ಬುಕ್‌ಮಾರ್ಕಿಗೆ ತರಬೇಕಾದರೆ ಮೆಂತಿಯ ಜಾಗಕ್ಕೆ ಗವಂತಿಯ ಜಾಲರಿ ಹಾಕಿ: ಎರಡು ಮನೆಗೊಂದು ಉದ್ದಗೆರೆ, ಎರಡು ಮನೆಗೊಂದು ಅಡ್ಡಗೆರೆ. ಮೊದಲು ಕಟ್ಟೆಯ ಅಂಚು ಹೊಲಿಯುತ್ತ ಹೋಗಿ; ಪ್ರತಿ ಅಡ್ಡಗೆರೆಯನ್ನೂ ಕವಲೆಂದು ಭಾವಿಸಿ ಆಚೆ ಅಂಚಿನವರೆಗೆ ಹೋಗಿ ಬನ್ನಿ, ಉದ್ದಗೆರೆಗಳನ್ನು ಆಮೇಲೆ ಅದೇ ರೀತಿ. ಎರಡೂ ಬದಿ ಒಂದೇ ಬರುತ್ತದೆ, ಕಟ್ಟೆಯೂ ತುಂಬಿದಂತೆ ಕಾಣುತ್ತದೆ.